ಸೀಗೇದೊಡ್ಡಿಯ ಕರೆಂಟು ಲೆಕ್ಕ

ಬೀಗದ ಕೈ ನನ್ನ ತಾಳಿದಾರದಲ್ಲೇ ಇರುತ್ತದೆ.
ಬ್ಯಾಟರಿ ಮನೆ ಅಂದರೆ ದೊಡ್ಡದೇನಲ್ಲ,
ಮೊದಲು ಹುರುಳಿ ಹೊಟ್ಟು ತುಂಬುತ್ತಿದ್ದ ಕೋಣೆ.
ಈಗ ಹದಿನಾರು ಬ್ಯಾಟರಿ, ಹಸಿರು ಕಣ್ಣಿನ ಒಂದು ಪೆಟ್ಟಿಗೆ,
ಒಳಗೆ ಗುಂಯ್ ಅನ್ನುವ ಸದ್ದು,
ಹಾಲು ಉಕ್ಕುವ ಮುಂಚೆ ಪಾತ್ರೆ ಅನ್ನುತ್ತದಲ್ಲ, ಹಾಗೆ.

ಬೆಳಿಗ್ಗೆ ಏಣಿ ಹತ್ತಿ
ಹಳೇ ಲುಂಗಿಯಲ್ಲಿ ಪ್ಲೇಟು ಒರೆಸುತ್ತೇನೆ.
ಒರೆಸದೆ ಬಿಟ್ಟರೆ ಕಾಗೆಯ ಹಿಕ್ಕೆ
ರಾತ್ರಿ ಯಾರದೋ ಉಣ್ಣುವ ತಟ್ಟೆಯ ಮೇಲೆ
ಕತ್ತಲಾಗಿ ಬೀಳುತ್ತದೆ.

ನಮ್ಮ ನೆತ್ತಿಯ ಮೇಲೆ ದೊಡ್ಡ ಲೈನು ಹಾಯುತ್ತದೆ.
ಹೊಳೆ ಧುಮುಕುವ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು
ಕೋಲಾರದ ಚಿನ್ನ ತೋಡಲು ಹೊರಟಾಗ
ನನ್ನ ಗಂಡನ ಮುತ್ತಜ್ಜ ಕಂಬ ಹೊತ್ತಿದ್ದನಂತೆ.
ಸಾಯುವ ತನಕ ಅವನು ಉಂಡದ್ದು ಹರಳೆಣ್ಣೆ ದೀಪದಲ್ಲಿ.
ಮಳೆ ಹನಿದರೆ ತಂತಿ ಚರಚರ ಅನ್ನುತ್ತದೆ.
“ಯಾರ್ ಮನೆ ಸೊಸೆನೋ, ಕಾಲ್ಗೆಜ್ಜೆ ಕೇಳ್ಸತದೆ,
ತಿರುಗ್ ನೋಡ್ದೆ ಓಯ್ತವ್ಳೆ”
ಅನ್ನುತ್ತಿದ್ದಳು ನಮ್ಮತ್ತೆ ದೇವೀರಮ್ಮ.

ಇಪ್ಪತ್ತೆರಡು ಮನೆ. ಮನೆಗೆ ಮೂರು ಬಲ್ಬು, ಒಂದು ಫ್ಯಾನು.
ಇಸ್ತ್ರಿಪೆಟ್ಟಿಗೆ ಕೂಡದು.
ನೀರು ಕಾಯಿಸುವ ಕಾಯಿಲ್ಲು ಕೂಡದೇ ಕೂಡದು.
ಹಾಗಂತ ಗೋಡೆಗೆ ಬರೆಸಿದವನು ಮುದಸ್ಸಿರ್,
ಮಂಡ್ಯದಿಂದ ಬೈಕಲ್ಲಿ ಬರುವ ಹುಡುಗ.
“ಅಕ್ಕಾ, ಇದನ್ನ ಬಾವಿ ಅಂದ್ಕೊಳ್ಳಿ.
ಊರಿಗೆಲ್ಲ ಒಂದೇ ಬಾವಿ.”

ಬಾವಿ ಅನ್ನಬಾರದಿತ್ತು ಅವನು.
ನಮ್ಮತ್ತೆ ಮೆಟ್ಟಿಲಾಚೆ ನಿಂತು
ಮೇಲಿನ ಬೀದಿಯವರು ಎತ್ತರದಿಂದ ಸುರಿಯುವ ತನಕ
ಬಿಂದಿಗೆ ಹಿಡಿದು ಕಾದವಳು.
ಅದೇ ಮನೆಗೆ ಈಗ ಬೀಗದ ಕೈ ಬಂದಿದೆ.
ಮುದಸ್ಸಿರನಿಗೆ ಇದನ್ನು ಹೇಳಲಿಲ್ಲ,
ವೈರು ಜೋಡಿಸುವ ಹುಡುಗ,
ಅವನಿಗೇ ಸಾಕಷ್ಟಿದೆ.

ಮಾರ್ಗಶಿರದಲ್ಲಿ ನಾಲ್ಕು ದಿನ ಮೋಡ.
ಐದನೇ ಸಂಜೆ ಪೆಟ್ಟಿಗೆಯ ಕಣ್ಣು ಹಳದಿಯಾಯಿತು.
ಆವತ್ತೇ ಬಂದ ಮೇಲಿನ ಬೀದಿಯ ಬೋರಲಿಂಗ.
ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತ.
“ಉಳ ನಾಕ್ನೇ ಜ್ವರ ಕಳ್ದು ಎದ್ದವೆ ಕಣಮ್ಮಿ.
ಈ ಚಳೀಗೆ ಸೊಪ್ಪು ಮುಟ್ಟಾಕಿಲ್ಲ ಅಂತವೆ.
ಕೆಂಡ ಮಡಗುದ್ರೆ ಹೊಗೆ. ಒಂದಿರ್ಳು ಹೀಟ್ರು ಹಾಕ್ಲಾ?”

ಒಂದು ಹೀಟರು ಅಂದರೆ ಇಡೀ ದೊಡ್ಡಿಯ ಬಲ್ಬು.
ಬಿಂದಿಗೆಗೆ ಸುರಿಯುತ್ತಿದ್ದದ್ದು ಇವನ ಅಜ್ಜಿ.
ಬೀಡಿ ಒಂದು ಸುಟ್ಟು ಮುಗಿಯುವಷ್ಟು ಹೊತ್ತು
ನಾನು ಸುಮ್ಮನೆ ನಿಂತೆ.
ಅಷ್ಟು ನಮ್ಮತ್ತೆಯ ಪಾಲು.

ಆಮೇಲೆ ಮನೆಮನೆಗೆ ಹೋದೆ.
ಕೆಳಬೀದಿ ಬೈದುಕೊಂಡೇ ಆರಿಸಿತು.
ಮೇಲಿನ ಬೀದಿಯ ಚಿಕ್ಕಮರಿ ಮಾತ್ರ
“ಅವ್ನ ಉಳಕ್ಕೆ ನನ್ ಮಗ ಪರೀಕ್ಷೆ ಬುಡ್ಬೇಕಾ?” ಅಂದಳು.
ಅವಳು ಹೇಳಿದ್ದೂ ಸರಿಯೇ.
ಅವಳದೊಂದು ಬಲ್ಬು ಉರಿಯಲಿ ಅಂತ ಬಿಟ್ಟೆ,
ಫ್ಯೂಸು ನನ್ನ ಕೈಯಲ್ಲೇ ಇತ್ತು, ಆದರೂ.

ನಡುರಾತ್ರಿ ಕಣ್ಣು ನೋಡಲು ಎದ್ದವಳು
ಬೋರಲಿಂಗನ ಹುಳುಮನೆ ತನಕ ಹೋದೆ.
ಒಳಗೆ ಸೊಪ್ಪು ಮೇಯುವ ಸದ್ದು,
ಸಾವಿರ ಸಾವಿರ ಬಾಯಿ, ಸೋನೆಯ ಹಾಗೆ.
ನಮ್ಮೆಲ್ಲರ ಕತ್ತಲನ್ನು
ಅವು ಒಂದೊಂದೇ ಎಲೆ ಅಂತ ತಿನ್ನುತ್ತಿದ್ದವು.

ಅವನ ಹೆಂಡತಿ ಬಾಗಿಲಿಗೆ ಬಂದು ಕಾಫಿ ಕೊಟ್ಟಳು.
ಲೋಟ ಸ್ಟೀಲಿನದೋ, ಬಿಸಾಡುವಂಥದ್ದೋ
ಆ ಮಬ್ಬಿನಲ್ಲಿ ಕಾಣಲಿಲ್ಲ.
ಕೈಗೆ ಗೊತ್ತಾಯಿತು.
ಅದನ್ನಿಲ್ಲಿ ಬರೆಯುವುದಿಲ್ಲ.

ಪುಸ್ತಕದಲ್ಲಿ ಇರುವುದಿಷ್ಟೇ:
ಬೋರಲಿಂಗ, ನಾಲ್ಕು ಯೂನಿಟ್ಟು,
ಗೂಡು ಮಾರಿದ ಮೇಲೆ ಕಾಸು.
ಚಿಕ್ಕಮರಿ, ಒಂದು ಬಲ್ಬು, ಬೆಳಗಿನ ತನಕ.
ಬೆಳಿಗ್ಗೆ ಬಿಸಿಲು, ಏಳೂವರೆಗೆ.